ಕೆನ್ನೆಗೆ ಕಾವಲು, ಕೈಗೆ ಗಾಯ



ಕ್ಷೌರದಂಗಡಿಗಳಲ್ಲಿ ಬರಿಯ ಅಲಗಿನ ಕತ್ತಿಯನ್ನು ನಿಷೇಧಿಸಬೇಕು, ಬೇಕಾದಾಗ ಸಿಕ್ಕಿಸಿ ಬೇಡವಾದಾಗ ಕಳಚಬಹುದಾದ ಗಾರ್ಡ್ ಇರುವ ಕತ್ತಿಯನ್ನಷ್ಟೇ ಬಳಸುವಂತೆ ಕಾನೂನು ಮಾಡಬೇಕು ಎಂಬ ಮಾತನ್ನು ಈಚೆಗೆ ವಿದ್ಯಾವಂತರ ಬಾಯಲ್ಲಿ ಮೇಲಿಂದ ಮೇಲೆ ಕೇಳುತ್ತಿದ್ದೇನೆ. ದೂರದ ನಗರಗಳಲ್ಲಿ ನೆಲೆಸಿ, ಹಬ್ಬಕ್ಕೆಂದು ಹೊಳಲ್ಕೆರೆಗೋ ಹೊಸದುರ್ಗಕ್ಕೋ ಬರುವ ನಿಮ್ಮಲ್ಲಿಯೇ ಕೆಲವರು ಹೀಗೆನ್ನುವುದುಂಟು. ಈ ಸಲಹೆ ಕೇಳಲು ಹಿತವಾಗಿದೆ. ಆದರೆ ಒಳಗೆ ಟೊಳ್ಳು. ಅಪಾಯವಿರುವುದು ಒಂದು ಕಡೆ, ನಾವು ಬೇಲಿ ಹಾಕಹೊರಟಿರುವುದು ಇನ್ನೊಂದು ಕಡೆ.

ಗಾರ್ಡ್ ಎಂಬುದು ಹೊಸ ಶೋಧವೇನಲ್ಲ. 18ನೇ ಶತಮಾನದ ಫ್ರಾನ್ಸಿನಲ್ಲಿ ಝಾಂ ಝಾಕ್ ಪೆರೆ ಎಂಬ ಕತ್ತಿ ತಯಾರಕನು ಬಡಗಿಯ ಉಜ್ಜುಗೊರಡಿನಿಂದ ಹೊಳಹು ಪಡೆದು, ಕ್ಷೌರದ ಕತ್ತಿಗೆ ಮರದ ಕವಚವನ್ನು ತೊಡಿಸಿದನು. ಅಲಗಿನ ಅಂಚು ಮಾತ್ರ ತುಸು ಹೊರಗೆ ಇಣುಕುವುದರಿಂದ ಅದು ಚರ್ಮದೊಳಕ್ಕೆ ಆಳವಾಗಿ ಇಳಿಯಲಾರದು. 1769ರಲ್ಲಿ ಅವನು ಪ್ರಕಟಿಸಿದ ಪುಸ್ತಕದ ವಿಷಯವೇನು ಗೊತ್ತೇ? ತನ್ನ ಮುಖಕ್ಷೌರವನ್ನು ತಾನೇ ಮಾಡಿಕೊಳ್ಳಲು ಕಲಿಯುವುದು! ಅಮೆರಿಕದಲ್ಲಿ ಜಿಲೆಟ್ ಎಂಬಾತ 1904ರಲ್ಲಿ ಹಕ್ಕುಪತ್ರ ಪಡೆದ ಸುರಕ್ಷಿತ ರೇಜರ್ ಕೂಡ ಇಂಥದೇ ಉದ್ದೇಶದ್ದು. ಅಂದರೆ ಗಾರ್ಡ್ ಹುಟ್ಟಿದ್ದು ಕೈಪಳಗದ ನಮ್ಮಂಥವರಿಗಾಗಿ. ವರ್ಷಗಟ್ಟಲೆ ಸಾಣೆಯ ಕಲ್ಲಿನ ಮುಂದೆ, ಹಿರಿಯರ ಕಣ್ಣಳತೆಯಲ್ಲಿ ಕಲಿತ ಕಸುಬುದಾರನಿಗಾಗಿ ಅಲ್ಲ. ಈಜು ಬಲ್ಲವನ ಬೆನ್ನಿಗೆ ಸೋರೆಬುರುಡೆ ಕಟ್ಟಿ 'ಈಗ ನೀನು ಕ್ಷೇಮ' ಎಂದರೆ ಅದು ಉಪಕಾರವಲ್ಲ, ಅವಮಾನ.

ಹಾಗಾದರೆ ಅಪಾಯವೇ ಇಲ್ಲವೇ? ಖಂಡಿತ ಇದೆ. ಅದು ಕಣ್ಣಿಗೆ ಕಾಣುವ ಆಳವಾದ ಗಾಯದಲ್ಲಿಲ್ಲ, ಕಾಣದ ಗೀರಿನಲ್ಲಿದೆ. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ, ಒಣಗಿದ ರಕ್ತದ ಕಲೆಯಲ್ಲಿ ಕನಿಷ್ಠ 7 ದಿನ ಬದುಕಿರಬಲ್ಲದು. ಒಬ್ಬನ ಕೆನ್ನೆಯಿಂದ ಇನ್ನೊಬ್ಬನ ಕೆನ್ನೆಗೆ ಸಾಗಲು ಅದಕ್ಕೆ ಸೂಜಿಮೊನೆಯಷ್ಟು ರಕ್ತ ಸಾಕು. ಆಳವಾದ ಗಾಯವನ್ನು ತಡೆಯುವ ಗಾರ್ಡ್ ಈ ಸಣ್ಣ ಗೀರನ್ನು ಪೂರ್ತಿ ತಡೆಯಲಾರದು. ಮೇಲಾಗಿ ಅದರ ಹಲ್ಲುಗಳ ಸಂದಿಯಲ್ಲಿ ನೊರೆ, ಕೂದಲು, ಸಿಪ್ಪೆ, ರಕ್ತ ಎಲ್ಲವೂ ಸೇರಿಕೊಳ್ಳುತ್ತವೆ. ಕಳಚಬಹುದಾದ ಗಾರ್ಡಿನ ಗುಣವಿರುವುದು ಕಳಚುವುದರಲ್ಲಿ. ಪ್ರತಿಯೊಬ್ಬ ಗಿರಾಕಿಯ ನಂತರ ಅದನ್ನು ಕಳಚಿ, ಸೋಪಿನಿಂದ ಉಜ್ಜಿ ತೊಳೆದು, ಸೋಂಕುನಿವಾರಕದಲ್ಲಿ ಸಾಕಷ್ಟು ಹೊತ್ತು ನೆನೆಸದಿದ್ದರೆ ರಕ್ಷಕವೇ ರೋಗವಾಹಕವಾಗುತ್ತದೆ. ಬಟ್ಟಲಿನ ವಾಸನೆಯ ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯುವುದು ಶುದ್ಧಿಯಲ್ಲ, ಶುದ್ಧಿಯ ನಟನೆ. ಇನ್ನು, ಹತ್ತಾರು ಕೆನ್ನೆಗಳ ಮೇಲೆ ಉಜ್ಜುವ ಒಂದೇ ಪಟಿಕದ ಗಡ್ಡೆಗೆ ಯಾವ ಗಾರ್ಡ್ ಹಾಕುತ್ತೀರಿ?

ಈಗ ಯಾರೂ ಆಡದ ಮಾತಿಗೆ ಬರುತ್ತೇನೆ. ಇಂದು ಬಹುತೇಕ ಅಂಗಡಿಗಳಲ್ಲಿ ಸಾಣೆ ಹಿಡಿಯುವ ಹಳೆಯ ಕತ್ತಿಯಿಲ್ಲ. ಇಬ್ಬಾಯಿಯ ಬ್ಲೇಡನ್ನು ಕಾಗದದ ಸಮೇತ ಎರಡಾಗಿ ಮುರಿದು, ಅರ್ಧವನ್ನು ಹಿಡಿಗೆ ಸಿಕ್ಕಿಸುತ್ತಾರೆ. ಗಿರಾಕಿಗೊಂದು ಹೊಸ ಬ್ಲೇಡು ಎಂಬ ಈ ಪದ್ಧತಿ ಒಳ್ಳೆಯದೇ. ಆದರೆ ಬಳಸಿದ ಆ ಅರ್ಧ ಅಲಗು ಎಲ್ಲಿಗೆ ಹೋಯಿತು? ಕೂದಲ ರಾಶಿಯೊಳಗೆ ಬಿದ್ದು, ಕಸದ ಚೀಲ ಸೇರಿ, ನಸುಕಿನಲ್ಲಿ ಪೌರಕಾರ್ಮಿಕಳ ಕೈಗೆ ಬರುತ್ತದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಆಸ್ಪತ್ರೆಯ ಸೂಜಿ, ಬ್ಲೇಡುಗಳನ್ನು ಚುಚ್ಚಿ ತೂರಲಾಗದ ಡಬ್ಬಿಯಲ್ಲೇ ಹಾಕಬೇಕೆಂದು ವಿಧಿಸಿದವು. ಅದೇ ರಕ್ತ, ಅದೇ ಉಕ್ಕು. ರಸ್ತೆಯ ಈಚೆ ಬದಿಯ ಆಸ್ಪತ್ರೆಯಲ್ಲಿ ಅಪಾಯ, ಆಚೆ ಬದಿಯ ಸೆಲೂನಿನಲ್ಲಿ ಬರಿಯ ಕಸ! ನಮ್ಮ ಕೆನ್ನೆಗೆ ಗಾರ್ಡ್ ಕೇಳುವ ನಾವು ಅವಳ ಕೈಗೆ ಗಾರ್ಡ್ ಕೇಳಿದ್ದೇವೆಯೇ?

ಮತ್ತೊಂದು ಮಾತು. ಶುಚಿತ್ವದ ಹೆಸರಿನಲ್ಲಿ ಕಸುಬುದಾರನೊಬ್ಬನನ್ನೇ ಕಟಕಟೆಯಲ್ಲಿ ನಿಲ್ಲಿಸುವುದು ನಮ್ಮ ಹಳೆಯ ಚಾಳಿ. ವಿಜಯನಗರದ ಸದಾಶಿವರಾಯನ ಕಾಲದಲ್ಲಿ ಅಳಿಯ ರಾಮರಾಯನು ಕೊಂಡೋಜನೆಂಬ ಕ್ಷೌರಿಕನ ಸೇವೆಗೆ ಮೆಚ್ಚಿ, ಆ ವೃತ್ತಿಯವರ ತೆರಿಗೆಗಳನ್ನೂ ಬಿಟ್ಟಿ ದುಡಿಮೆಯನ್ನೂ ಮನ್ನಾ ಮಾಡಿದುದನ್ನು 16ನೇ ಶತಮಾನದ ಶಾಸನಗಳು ಹೇಳುತ್ತವೆ. ನಮ್ಮ ಚಿತ್ರದುರ್ಗ ಸೀಮೆಯಲ್ಲಿಯೂ ಅಂಥ ಶಾಸನಗಳು ದೊರೆತಿವೆ. ಕಲ್ಲಿನ ಮೇಲೆ ಗೌರವ ಕೆತ್ತಿದ ನಾಡಿನಲ್ಲಿ ನಾವು ಆ ವೃತ್ತಿಯ ಹೆಸರನ್ನೇ ಬೈಗುಳವಾಗಿಸಿಕೊಂಡೆವು. ಹಡಪದ ಅಪ್ಪಣ್ಣನವರ ಜಯಂತಿಯಂದು ಭಾವಚಿತ್ರಕ್ಕೆ ಹಾರ ಹಾಕಿ ಭಾಷಣ ಬಿಗಿಯುವವರೇ ಮರುದಿನ ಅಂಗಡಿಯಲ್ಲಿ ಐದು ರೂಪಾಯಿಗೆ ಚೌಕಾಸಿ ಮಾಡುತ್ತಾರೆ. ಹೊಸ ಬ್ಲೇಡು, ತೊಳೆದ ಟವೆಲು, ಸೋಂಕುನಿವಾರಕ ಇವೆಲ್ಲಕ್ಕೂ ದುಡ್ಡು ಬೇಕಲ್ಲವೇ? ಶುಚಿತ್ವ ಬೇಕು, ಅದರ ಬೆಲೆ ಬೇಡ ಎನ್ನುವುದು ನ್ಯಾಯವಲ್ಲ.

ನನ್ನ ಬೇಡಿಕೆಗಳು ಸರಳ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸ್ಥಳೀಯ ಸಂಸ್ಥೆಗಳು ಪ್ರತಿ ಕ್ಷೌರದಂಗಡಿಗೂ ಮುಚ್ಚಳದಲ್ಲಿ ಸೀಳಿರುವ ಗಟ್ಟಿ ಡಬ್ಬಿಯೊಂದನ್ನು ಕೊಡಲಿ. ತುಂಬಿದ ಡಬ್ಬಿಗಳನ್ನು ಪ್ರತ್ಯೇಕವಾಗಿ ಸಂಗ್ರಹಿಸಲಿ. ದೇಶದಾದ್ಯಂತ ಶಿಶುಗಳಿಗೆ ಹೆಪಟೈಟಿಸ್ ಬಿ ಲಸಿಕೆ ವಿಸ್ತರಿಸಿದ್ದು 2011ರಲ್ಲಿ. ಅದಕ್ಕೆ ಮೊದಲೇ ಹುಟ್ಟಿ, ಇಂದು ಕತ್ತಿ ಹಿಡಿದಿರುವ ಕ್ಷೌರಿಕರಲ್ಲಿ, ಕಸ ಎತ್ತುವ ಪೌರಕಾರ್ಮಿಕರಲ್ಲಿ ಲಸಿಕೆ ಪಡೆಯದವರಿಗೆ ಮೂರು ಡೋಸುಗಳನ್ನು ಉಚಿತವಾಗಿ ಹಾಕಿಸಲಿ. ಪಟಿಕವನ್ನು ಪುಡಿ ಮಾಡಿ, ಪ್ರತಿಯೊಬ್ಬರಿಗೂ ಬೇರೆ ಹತ್ತಿಯಲ್ಲಿ ಹಚ್ಚಲಿ.

ಗಾರ್ಡ್ ಬೇಡವೆಂದು ನಾನು ಹಟ ಹಿಡಿದಿಲ್ಲ. ಕೈ ನಡುಗುವ ನನ್ನ ಓರಗೆಯ ಮುದುಕರು, ಮೊದಲ ಸಲ ಕತ್ತಿ ಹಿಡಿಯುವ ಹುಡುಗರು ಧಾರಾಳವಾಗಿ ಬಳಸಲಿ. ಆದರೆ ಅದನ್ನು ಕಾನೂನಾಗಿ ಹೇರಿ, 'ಸುರಕ್ಷತೆ ಬಂತು' ಎಂದು ನಿಟ್ಟುಸಿರು ಬಿಡುವುದನ್ನು ನಾನು ಒಪ್ಪಲಾರೆ. ಮುಂದಿನ ಬಾರಿ ಊರಿಗೆ ಬಂದಾಗ ಹೊಸ ಬ್ಲೇಡನ್ನು ಕೇಳಿ ಹಾಕಿಸಿಕೊಳ್ಳಿ, ಅದರ ಬೆಲೆಯನ್ನು ಸೇರಿಸಿ ಕೊಡಿ. ಕುರ್ಚಿಯಿಂದ ಏಳುವ ಮುನ್ನ ಹಳೆಯ ಬ್ಲೇಡು ಎಲ್ಲಿ ಬಿತ್ತೆಂದು ಒಮ್ಮೆ ನೋಡಿ.