ಯಾಣದ ಬಂಡೆಗಳೂ ಮೋಟಾರು ಯಾತ್ರಿಕರೂ

‘ಸೊಕ್ಕಿದ್ದವರು ಯಾಣಕ್ಕೆ, ರೊಕ್ಕಿದ್ದವರು ಗೋಕರ್ಣಕ್ಕೆ’ ಎಂಬ ಗಾದೆ ವೃಥಾ ಹುಟ್ಟಿದುದಲ್ಲ. ಕುಮಟೆಯ ಮೇಲಣ ಆ ಕಾಡುದಾರಿಗೆ ಮೈಕಸುವು ಬೇಕಾಗಿತ್ತು. ಈಗಲಾದರೋ ರೊಕ್ಕಿದ್ದವರೇ ಶನಿವಾರ ಮೋಟಾರು ಹತ್ತಿ, ಯಾಣವನ್ನು ಕಂಡು, ಭಾನುವಾರ ಮನೆ ಸೇರುತ್ತಾರೆ. ನೋಡಬಾರದೆಂದು ನಾನು ಹೇಳೆನು. ಆದರೆ 120 ಮೀಟರು ಎತ್ತರದ ಭೈರವೇಶ್ವರ ಶಿಖರಕ್ಕೆ ಕೈಮುಗಿದವರೇ ಮರುಕ್ಷಣ ಮೊಳೆ ಹಿಡಿದು ಬಂಡೆಯಲ್ಲಿ ತಮ್ಮ ಹೆಸರನ್ನು ಕೆತ್ತಹೊರಡುವುದು ಯಾವ ಸಂಸ್ಕಾರ? ಭಸ್ಮಾಸುರನು ಉರಿದುದರಿಂದ ಕಪ್ಪಾಯಿತೆಂದು ಸ್ಥಳಪುರಾಣ. ಮಳೆನೀರು ಯುಗಯುಗಗಳಿಂದ ಕರಗಿಸಿ ಕಡೆದ ಸುಣ್ಣಗಲ್ಲೆಂದು ಭೂಶಾಸ್ತ್ರ. ಯಾವುದನ್ನು ನಂಬಿದರೂ ಮೊಳೆಗೆ ಅಲ್ಲಿ ಕೆಲಸವಿಲ್ಲ. ತಲೆಯ ಮೇಲೆ ಹೆಜ್ಜೇನು ತೂಗುತ್ತಿರಲು ಕೆಳಗೆ ಕೂಗಾಡುವವರ ಧೈರ್ಯವನ್ನಂತೂ ಮೆಚ್ಚಬೇಕು! ಇಷ್ಟು ಸಾಲದೆಂಬಂತೆ, ಗುಡಿಯ ಹೊಸ್ತಿಲವರೆಗೂ ಡಾಂಬರು ಬೇಕೆನ್ನುವ ಮಹಾಶಯರಿಗೆ ನನ್ನದೊಂದು ಬಿನ್ನಹ: ಕೊನೆಯ ಕಾಲುದಾರಿಯನ್ನಾದರೂ ಕಾಲಿಗೆ ಬಿಟ್ಟಿರಿ.