ಗುರುತು ಎರಡು, ಅರ್ಜಿ ಒಂದು



ಪುಣೆಯ ನಮ್ಮ ಸಂಘದ ಕಚೇರಿಯಲ್ಲಿ ಒಂದು ಚರ್ಚೆ ಜಗಳದ ಮಟ್ಟಕ್ಕೆ ಹೋಗಿದೆ. ಆ ಬಗ್ಗೆ ನಾಲ್ಕು ಮಾತು ಬರೆಯುವುದು ಅಗತ್ಯವೆಂದು ನಮಗೆ ತೋರಿತು.

ವರ್ಗಣಿ ರಶೀದಿ, ಸಂಬಳದ ತಕರಾರಿನ ಅರ್ಜಿ ಮುಂತಾದುವನ್ನು ನಾವೀಗ ಗಣಕಯಂತ್ರದಲ್ಲಿ ತಯಾರಿಸುತ್ತೇವೆ. ನಮೂನೆ ಒಂದೇ, ಹೆಸರು, ಹೋಟೆಲು, ಬಾಕಿ ಮೊತ್ತ ಬರಬೇಕಾದಲ್ಲಿ ಗುರುತು ಹಾಕಿರುತ್ತೇವೆ. ಆ ಗುರುತುಗಳನ್ನು ಓದಿ ನೂರು ಜನರಿಗೆ ನೂರು ಅರ್ಜಿ ತುಂಬಿಕೊಡುವುದು ಟೆಂಪ್ಲೇಟ್ ಎಂಜಿನ್ನಿನ ಕೆಲಸ. ಜಗಳ ನಮೂನೆಯಲ್ಲಿ ಆಜ್ಞೆ ಬರೆಯುವ ಗುರುತಿನದು. ನಮ್ಮ ತರುಣರಲ್ಲಿ ಒಬ್ಬನು ಕೋನ ಕಂಸದಲ್ಲಿ ಬರೆಯಲು ಕಲಿತವನು, ಇನ್ನೊಬ್ಬನು ಚೌಕ ಕಂಸದಲ್ಲಿ. ತನ್ನದೇ ಸರಿ ಎಂದು ಇಬ್ಬರದೂ ಹಟ.

ನಾವು ಹೇಳುವುದೇನೆಂದರೆ, ಈ ಹಟ ಬೇಡ. ನಮ್ಮಲ್ಲಿರುವ ಅಪಾಚೆ ಫ್ರೀಮಾರ್ಕರ್ ಎಂಬ ಎಂಜಿನ್ ಎರಡು ಬಗೆಯನ್ನೂ ಓದಬಲ್ಲದು. ವೆಬ್ ಪುಟವನ್ನು ಬರೆಯುವುದೇ ಕೋನ ಕಂಸದಲ್ಲಿ. ಎರಡೂ ಬೆರೆತು ಗೊಂದಲವಾಗದಿರಲು ಚೌಕ ಕಂಸ ಅನುಕೂಲ. ಸ್ವಯಂ ಗುರುತಿಸುವಂತೆ ಹೊಂದಿಸಿದರೆ, ಕಡತದಲ್ಲಿ ಮೊದಲು ಕಂಡ ಆಜ್ಞೆ ಯಾವ ಕಂಸದಲ್ಲಿದೆಯೋ ಇಡೀ ಕಡತವನ್ನು ಅದೇ ಬಗೆಯಲ್ಲಿ ಓದುತ್ತದೆ. ನಮ್ಮ ಹೋಟೆಲುಗಳಲ್ಲಿ ಮಾಣಿ ತುಳುವಿನಲ್ಲಿ ಕೂಗಿದರೂ ಮರಾಠಿಯಲ್ಲಿ ಕೂಗಿದರೂ ಭಟ್ಟರು ಹುಯ್ಯುವುದು ಅದೇ ದೋಸೆಯನ್ನಲ್ಲವೇ?

ಆದರೆ ಒಂದೇ ಕಡತದಲ್ಲಿ ಎರಡನ್ನೂ ಬೆರೆಸಬಾರದು. ಬೆರೆಸಿದರೆ ಏನಾಗುವುದೆಂದು ನಾವೇ ಅನುಭವಿಸಿದ್ದೇವೆ. ಕೋನ ಕಂಸದ ಅರ್ಜಿಯೊಂದಕ್ಕೆ ಅವಸರದಲ್ಲಿ ಚೌಕ ಕಂಸದ ಷರತ್ತು ಸೇರಿತು: ಓವರ್‌ಟೈಮ್ ಬಾಕಿ ಇದ್ದವರಿಗೆ ಮಾತ್ರ ಈ ಸಾಲು ಬರಲಿ ಎಂದು. ಎಂಜಿನ್ ಅದನ್ನು ಆಜ್ಞೆಯೆಂದು ತಿಳಿಯಲಿಲ್ಲ, ಬರೀ ಅಕ್ಷರವೆಂದು ಬಗೆದು ಅಚ್ಚು ಹಾಕಿತು. ಷರತ್ತು ಸತ್ತು, ಸಾಲು ಎಲ್ಲರಿಗೂ ಬಂತು. ಬಾಕಿಯೇ ಇಲ್ಲದವರ ಅರ್ಜಿಯಲ್ಲಿ ‘ಓವರ್‌ಟೈಮ್ ಬಾಕಿ 0 ರೂಪಾಯಿ ಕೊಡಿಸಬೇಕು’ ಎಂದಿತ್ತು! ಮಾಲೀಕರ ಗುಮಾಸ್ತರು ನಕ್ಕು ಇಡೀ ಕಟ್ಟನ್ನೇ ಹಿಂದಿರುಗಿಸಿದರು. ನಿಜವಾಗಿ ಬಾಕಿ ಬರಬೇಕಿದ್ದ ಪಾತ್ರೆ ತೊಳೆಯುವ ಹುಡುಗನು ಇನ್ನೊಂದು ತಿಂಗಳು ಕಾಯಬೇಕಾಯಿತು. ತಪ್ಪು ಕಚೇರಿಯದು, ಹಸಿವು ಅವನದು. ಗಿರಣಿಯ ಬಂಧುಗಳು ಇದನ್ನು ಬಲ್ಲರು: ಮಗ್ಗ ಯಾವ ನೂಲನ್ನು ನೇಯ್ದರೂ ನಡುವೆ ನೂಲು ಬದಲಾದರೆ ಥಾನು ಕೆಡುತ್ತದೆ.

ಇನ್ನೊಂದು ಮಾತು. ತುಂಬಬೇಕಾದ ಹೆಸರೋ ಮೊತ್ತವೋ ಸಿಗದಿದ್ದರೆ ಈ ಎಂಜಿನ್ ತಪ್ಪು ತೋರಿಸಿ ನಿಲ್ಲುತ್ತದೆ. ಕೆಲವರು ಇದನ್ನು ಪೀಡೆಯೆಂದು ತಿಳಿದು, ಇಲ್ಲದಲ್ಲಿ ಖಾಲಿ ಬಿಡು ಎಂದು ಬರೆಯುತ್ತಾರೆ. ಇದು ಸಲ್ಲದು. ಹೆಸರಿಲ್ಲದ ಅರ್ಜಿ ಸದ್ದಿಲ್ಲದೆ ಹೊರಬೀಳುವುದಕ್ಕಿಂತ ಯಂತ್ರ ನಿಂತು ಕೂಗಿಕೊಳ್ಳುವುದೇ ಲೇಸು.

ಕಂಸದ ಜಗಳದಲ್ಲಿ ಓದುವವನನ್ನು ಮರೆಯಬಾರದು. ಸಂಬಳ ಪಾವತಿಯ 1936ರ ಕಾಯ್ದೆಯು ತನ್ನ ಸಾರಾಂಶವನ್ನು ಇಂಗ್ಲಿಷಿನಲ್ಲಿಯೂ ಹೆಚ್ಚಿನ ಕೆಲಸಗಾರರ ಭಾಷೆಯಲ್ಲಿಯೂ ತೂಗುಹಾಕಬೇಕೆಂದು ಮಾಲೀಕರಿಗೆ ವಿಧಿಸಿತ್ತು. ಮಾಲೀಕರಿಗೆ ಹಾಕಿದ್ದ ನಿಯಮವನ್ನು ನಾವೇ ಪಾಲಿಸದಿದ್ದರೆ ಹೇಗೆ? ಗುರುತು ಯಂತ್ರಕ್ಕೆ, ಅರ್ಜಿಯ ಮಾತು, ಸಹಿ ಹಾಕುವವನಿಗೆ.

ಆದುದರಿಂದ ತರುಣ ಮಿತ್ರರಲ್ಲಿ ನಮ್ಮ ವಿನಂತಿ ಇಷ್ಟೇ: ಅವರವರು ಬಲ್ಲ ಬಗೆಯಲ್ಲಿ ಬರೆಯಿರಿ. ಒಂದು ಕಡತಕ್ಕೆ ಒಂದೇ ಬಗೆ ಇರಲಿ. ಇನ್ನೊಬ್ಬರ ಕಡತ ತಿದ್ದುವಾಗ ಅವರ ಬಗೆಯನ್ನೇ ಅನುಸರಿಸಿ. ಬಾಕಿ ಇರುವವನದೊಂದು, ಇಲ್ಲದವನದೊಂದು ಅರ್ಜಿ ಅಚ್ಚು ಹಾಕಿ, ಗಟ್ಟಿಯಾಗಿ ಓದಿ ನೋಡಿ. ಆಮೇಲೆ ನೂರಕ್ಕೆ ಕೈ ಹಾಕಿ.