ಕುದುರೆ ರೈಲು ಹತ್ತಿದ ಊರು

ಮಕ್ಕಳೇ,

ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ. ಅವರಲ್ಲಿ ಎಷ್ಟೋ ಮಂದಿ ಅಕ್ಷರ ತಿದ್ದಿದ್ದು ಸ್ಲೇಟಿನ ಮೇಲೆ. ಬಳಪದಲ್ಲಿ ಬರೆದು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದ ಆ ಕಪ್ಪು ಹಲಗೆ ನಿಜಕ್ಕೂ ಒಂದು ಕಲ್ಲು. ಪದರ ಪದರವಾಗಿ ಬಿಡಿಸಬಹುದಾದ ಆ ಬಗೆಯ ಕಲ್ಲನ್ನು ನಂಬಿ ಬೆಳೆದ ಒಂದು ಪುಟ್ಟ ಬಂದರಿನ ಕಥೆ ಈ ವಾರ ಹೇಳುತ್ತೇನೆ.

ಬ್ರಿಟನ್ನಿನ ಪಶ್ಚಿಮಕ್ಕೆ ವೇಲ್ಸ್ ಎಂಬ ಗುಡ್ಡಗಾಡು ನಾಡಿದೆ. ಅದರ ಉತ್ತರ ಭಾಗದಲ್ಲಿ, ಕಡಲ ಅಂಚಿಗೆ ಪೋರ್ತ್‌ಮಾಡೊಗ್ ಎಂಬ ಊರು. ಮೇಲೆ ಬೆಟ್ಟದಲ್ಲಿ ಬ್ಲೈನೈ ಫೆಸ್ಟಿನಿಯಾಗ್ ಎಂಬ ಇನ್ನೊಂದು ಊರು. ಅಲ್ಲಿ ಸ್ಲೇಟು ಕಲ್ಲಿನ ಗಣಿಗಳು. ಮನೆಯ ಸೂರಿಗೆ ಹೊದಿಸುವ ಕಲ್ಲಿನ ಹಲಗೆಗಳು ಬಂದರಿಗಿಳಿದು, ಹಡಗು ಹತ್ತಿ ಜರ್ಮನಿಯವರೆಗೂ ಹೋಗುತ್ತಿದ್ದವು. ಅವನ್ನು ತರಲು 1836ರಲ್ಲಿ ರೈಲು ಮಾರ್ಗವಾಯಿತು. ಎರಡು ಹಳಿಗಳ ನಡುವೆ ಎರಡು ಅಡಿಯಷ್ಟೂ ಜಾಗವಿಲ್ಲ!

ಆಗ ಅದಕ್ಕೆ ಎಂಜಿನ್ನೇ ಇರಲಿಲ್ಲ. ಮಾರ್ಗ ಉದ್ದಕ್ಕೂ ಇಳಿಜಾರಾಗಿದ್ದರಿಂದ ಕಲ್ಲು ತುಂಬಿದ ಬಂಡಿಗಳು ತಾವಾಗಿಯೇ ಉರುಳಿ ಬರುತ್ತಿದ್ದವು. ಬ್ರೇಕು ಹಿಡಿಯಲು ಜನ ಇರುತ್ತಿದ್ದರು. ಖಾಲಿ ಬಂಡಿಗಳನ್ನು ಬೆಟ್ಟಕ್ಕೆ ಎಳೆಯುವ ಕೆಲಸ ಕುದುರೆಗಳದು. ಇಳಿಯುವಾಗ? ಅವುಗಳಿಗೆಂದೇ ಬೇರೆ ಬಂಡಿ! ಹತ್ತಿ ನಿಂತು ಆರಾಮವಾಗಿ ಕೆಳಗೆ ಬರುತ್ತಿದ್ದವು.

1863ರಲ್ಲಿ ಉಗಿ ಎಂಜಿನ್ ಬಂತು. ಇಷ್ಟು ಕಿರಿದಾದ ಹಳಿಯ ಮೇಲೂ ಉಗಿ ರೈಲು ಓಡಬಲ್ಲದು ಎಂದು ಲೋಕಕ್ಕೆ ಗೊತ್ತಾಯಿತು. 1881ರಲ್ಲಿ ಬೆಟ್ಟ ಹತ್ತಿದ ನಮ್ಮ ಡಾರ್ಜಿಲಿಂಗ್ ರೈಲಿನದೂ ಎರಡಡಿ ಹಳಿಯೇ.

ಕಾಲ ಬದಲಾಯಿತು. ಸ್ಲೇಟಿಗೆ ಬೇಡಿಕೆ ಇಳಿಯಿತು. 1946ರಲ್ಲಿ ರೈಲು ನಿಂತೇ ಹೋಯಿತು. ಆದರೆ ಮಾರ್ಗವನ್ನು ಮುಚ್ಚುವ ಬಗ್ಗೆ ಹಳೆಯ ಕಾಯ್ದೆಯಲ್ಲಿ ಒಂದು ಮಾತೂ ಇರಲಿಲ್ಲ. ಹಾಗಾಗಿ ಹಳಿಗಳನ್ನು ಕೀಳದೆ ಬಿಟ್ಟರು. ಅವುಗಳ ಮೇಲೆ ಮುಳ್ಳುಪೊದೆ ಬೆಳೆಯಿತು.

ರೈಲನ್ನು ಮರೆಯದ ಕೆಲವರು ಸುಮ್ಮನೆ ಕೂರಲಿಲ್ಲ. ಪೊದೆ ಕಡಿದರು, ತುಕ್ಕು ಕೆರೆದರು. 1955ರಲ್ಲಿ ಬಂದರಿನ ನಿಲ್ದಾಣದಿಂದ, ಕಡಲಿಗೆ ಅಡ್ಡ ಕಟ್ಟಿದ ಮೈಲುದ್ದದ ಏರಿಯ ಮೇಲೆ ರೈಲು ಮತ್ತೆ ಓಡಿತು. ಬೆಟ್ಟದ ತುದಿಗೆ ಮಾತ್ರ ಹೋಗುವಂತಿರಲಿಲ್ಲ. ವಿದ್ಯುತ್ ಯೋಜನೆಯ ಜಲಾಶಯದಲ್ಲಿ ಹಳೆಯ ಮಾರ್ಗದ ಒಂದು ಭಾಗ ಮುಳುಗಿತು.

ಆಗಲೂ ಅವರು ಬಿಡಲಿಲ್ಲ. 1965ರಲ್ಲಿ ಗುದ್ದಲಿ ಹಿಡಿದು ನೀರನ್ನು ಬಳಸಿ ಹೋಗುವ ಹೊಸ ದಾರಿ ಅಗೆಯತೊಡಗಿದರು. ಹೆಚ್ಚಿನವರು ಸಂಬಳವಿಲ್ಲದೆ, ರಜೆಯಲ್ಲಿ ಬಂದು ದುಡಿದವರು. ಮೇಲಕ್ಕೇರಲು ಹಳಿ ತನ್ನನ್ನೇ ಒಮ್ಮೆ ಸುತ್ತಿ ದಾಟುವಂತೆ ಮಾಡಿದರು. ಗುಡ್ಡ ಕೊರೆದು ಸುರಂಗವೂ ಆಯಿತು. ಕೊನೆಗೆ 1982ರಲ್ಲಿ ರೈಲು ಬ್ಲೈನೈ ಮುಟ್ಟಿತು. ಲೆಕ್ಕ ಹಾಕಿ: 1955ರಲ್ಲಿ ಹುಟ್ಟಿದ ಕೂಸಿಗೆ ಆಗ 27 ವರ್ಷ!

ಇಂದು ಆ ಬಂದರಿನಲ್ಲಿ ಸ್ಲೇಟು ಹೊತ್ತ ಹಡಗುಗಳಿಲ್ಲ. ಆದರೆ ನಿಲ್ದಾಣದಲ್ಲಿ ಶಿಳ್ಳೆ ಕೇಳುತ್ತದೆ, ಪ್ರವಾಸಿಗರನ್ನು ಹೊತ್ತ ಪುಟ್ಟ ರೈಲು ಬೆಟ್ಟ ಹತ್ತುತ್ತದೆ.

ಅಜ್ಜ ಅಜ್ಜಿಯರೇ, ನೀವು ಚಿಕ್ಕವರಿದ್ದಾಗ ನೋಡಿದ ನಿಲ್ದಾಣವೊಂದು ನಿಮಗೂ ನೆನಪಿರಬೇಕು. ಈ ಭಾನುವಾರ ಮೊಮ್ಮಕ್ಕಳನ್ನು ಕೂರಿಸಿಕೊಂಡು ಅದರ ಕಥೆ ಹೇಳಿ. ಮಕ್ಕಳೇ, ನೀವು ಅದನ್ನು ಬರೆದಿಡಿ. ಸ್ಲೇಟಿನ ಮೇಲಲ್ಲ, ಒರೆಸಿದರೆ ಹೋದೀತು!